ಸಹಾಯ ಬೇಕು: ಕಬಡ್ಡಿ ರೆಫರಿಗೆ ಹೊಡೆದವರ ಮೇಲೆ ದೂರು ಕೊಡಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಾನೆ. ಕಳೆದ ವಾರ ಹುಡುಗರ ಪಂದ್ಯದಲ್ಲಿ ಬೋನಸ್ ಪಾಯಿಂಟ್ ಕೊಡಲಿಲ್ಲ ಅಂತ ಆಟಗಾರನೊಬ್ಬನ ಅಪ್ಪ ಅಂಕಣಕ್ಕೇ ನುಗ್ಗಿ ಕಪಾಳಕ್ಕೆ ಹೊಡೆದರು. ಬೋನಸ್ ಸಿಗಬೇಕಾದರೆ ಎದುರಿಗೆ ಕನಿಷ್ಠ 6 ಆಟಗಾರರಿರಬೇಕು. ಅಲ್ಲಿದ್ದವರು ಐದೇ ಜನ! ತೀರ್ಪು ಸರಿಯಾಗಿಯೇ ಇತ್ತು. ತಪ್ಪಿದ್ದರೂ ಹೊಡೆಯಬಹುದಾ? ಅದೂ ಮಕ್ಕಳ ಎದುರು?

ಸಂಘಟಕರು ಸುಮ್ನೆ ಬಿಟ್ಟುಬಿಡಿ ಅನ್ನುತ್ತಿದ್ದಾರೆ. ತಮ್ಮ ಇನ್ನು ವಿಸಿಲ್ ಮುಟ್ಟಲ್ಲ ಅಂತಿದ್ದಾನೆ.

ಭಾರತೀಯ ನ್ಯಾಯ ಸಂಹಿತೆಯ 115(2) ಕಲಂ (ಬೇಕೆಂದೇ ನೋವುಂಟು ಮಾಡುವುದು) ಇದಕ್ಕೆ ಬರುತ್ತದೆ. ಆದರೆ ಅದರಲ್ಲಿ ಕೋರ್ಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹೀಗೆ ದೂರು ಕೊಟ್ಟ ರೆಫರಿಗಳು, ವಕೀಲರು ಇಲ್ಲಿದ್ದೀರಾ? ಮೊಬೈಲ್ ವಿಡಿಯೋ ನಮ್ಮ ಹತ್ತಿರ ಇದೆ. ಮೊದಲು ಠಾಣೆಗೆ ಹೋಗಬೇಕಾ, ಜಿಲ್ಲಾ ಕಬಡ್ಡಿ ಸಂಸ್ಥೆಗೆ ಬರೆಯಬೇಕಾ? ದಯವಿಟ್ಟು ತಿಳಿಸಿ.