ಹೀರೋ ಏನ್ ಕೆಲಸಾ ಮಾಡ್ತಾನ?

ನಮ್ಮ ಕಂಡಕ್ಟರ್ ಕಾಕಾರ ಮುಂದ ಯಾವ ಸಿನಿಮಾದ ಮಾತ ತಗದ್ರೂ ಅವರು ಮೊದಲ ಕೇಳೂದು ಇಷ್ಟ: “ಹೀರೋ ಏನ್ ಕೆಲಸಾ ಮಾಡ್ತಾನ?” ಕಥಿ, ಹಾಡು, ಹೊಡದಾಟ ಎಲ್ಲಾ ಆಮ್ಯಾಲ. ಕೆಲಸಾ ಇಲ್ಲದ ಹೀರೋ ಇದ್ರ ಆ ಸಿನಿಮಾ ಅಲ್ಲಿಗೇ ನಪಾಸ. ಸರ್ವಿಸ್ ಮುಗಿಯೂತನಾ ವಿಜಯಪುರ–ಸೊಲ್ಲಾಪುರ ಗಾಡಿ ಮ್ಯಾಲ ಇದ್ದವರು, ಎರಡೂ ಊರಾಗ ಸಿನಿಮಾ ನೋಡಿದವರು. ರಿಟೈರ್ ಆಗಿ ಟಿವಿ ಮುಂದ ಕುಂತ ಮ್ಯಾಲಂತೂ ಅವರ ಪ್ರಶ್ನಾ ಇನ್ನಾ ಜೋರ ಆಗೈತಿ.

ಮೊನ್ನೆ ಸಂಜೀಕ ಗಾಂಧಿಚೌಕದ ಹಂತ್ಯಾಕ ಚಾ ಕುಡಕೋತ ಕುಂತಿದ್ವಿ. ಮೊಬೈಲ್ ರಿಪೇರಿ ಬಸ್ಯಾ ಯಾವುದೋ ಹೊಸಾ ಸಿನಿಮಾ ನೋಡಿ ಬಂದಿದ್ದ, ಮಾರಿ ಮ್ಯಾಲ ಇನ್ನಾ ಅದರ ಅಮಲ ಇತ್ತು.

“ಕಾಕಾ, ಬಸ್ಸಿನ್ಯಾಗ ಒಂದ ಫೈಟ್ ಐತ್ರಿ, ಹುಚ್ಚ ಹಿಡಸ್ತದ!”

“ಎಷ್ಟ ಮಂದಿ ಹತ್ತಿದ್ರು?”

“ಹೀರೋ ಒಬ್ಬಾಂವ, ರೌಡಿಗೋಳು ಹದಿನೈದ ಮಂದಿ.”

“ಟಿಕೇಟ?”

ಬಸ್ಯಾ ಕಣ್ಣ ಕಣ್ಣ ಬಿಟ್ಟ.

“ಹದಿನಾರ ಮಂದಿ ಓಡೂ ಗಾಡಿ ಹತ್ತ್ಯಾರ, ಒಬ್ಬರೂ ಟಿಕೇಟ ತಗಸಿಲ್ಲ. ಕಂಡಕ್ಟರ್ ಎಲ್ಲಿ ಹೋಗಿದ್ದ?”

“ಅಂವಾ ಸೀಟಿನ ಕೆಳಗ ಅಡಗಿ ಕುಂತಿದ್ದರಿ.”

“ಬ್ಯಾಗ ಹಿಡಕೊಂಡ ಅಡಗಿದ್ನೋ, ಬಿಟ್ಟ ಅಡಗಿದ್ನೋ?”

ಅಷ್ಟ ಸೂಕ್ಷ್ಮಲೇ ಬಸ್ಯಾ ನೋಡಿರಲಿಲ್ಲ. “ಬ್ಯಾಗ ಹಿಡಕೊಂಡಿದ್ರ ಮಾತ್ರ ಅಂವಾ ಖರೇ ಕಂಡಕ್ಟರ್. ನೋಡಿ ಬಂದ ಹೇಳ, ಆಮ್ಯಾಲ ನಾ ಹೋಗ್ತೀನಿ,” ಅಂದ್ರು ಕಾಕಾ.

ಕಿರಾಣಿ ಅಂಗಡಿ ಸಾವ್ಕಾರ್ರ ಸಂಕಟ ಬ್ಯಾರೆ. ಸಿನಿಮಾದಾಗ ಕಾರ್ ಅಡ್ಡಾಡಿದಲ್ಲೆಲ್ಲಾ ಟೊಮೆಟೊ ಗಾಡಿ ಉಳ್ಳ್ಯಾಡ್ತಾವು. ಆ ಗಾಡಿಯವ್ವಗ ರೊಕ್ಕಾ ಯಾರ ಕೊಟ್ರು ಅಂತ ಯಾವ ಡೈರೆಕ್ಟರೂ ತೋರಸೂದಿಲ್ಲ. “ಹೀರೋ ನ್ಯಾಯಾ ಕೊಡಸ್ತಾನ ಅಂತೀರಿ. ಮೊದಲ ಟೊಮೆಟೊದ್ದ ಕೊಡಸಲಿ!”

ಮಾಸ್ತರು ಹಳೇ ಸಿನಿಮಾದವರು. ಹೈಸ್ಕೂಲಿನ್ಯಾಗ ಇತಿಹಾಸ ಕಲಿಸಿದವರು, ಹಿಂಗಾಗಿ ಇಸವಿ ಹೇಳಲಾರದ ಮಾತ ಆಡೂದಿಲ್ಲ. “ಕೆಲಸದ ಮಾತ ಬಂದ್ರ 1972ರ ಬಂಗಾರದ ಮನುಷ್ಯದ ಮುಂದ ಎಲ್ಲಾ ಸಪ್ಪ. ರಾಜೀವ ಕಲ್ಲಭೂಮಿ ಹಸನ ಮಾಡಿ ಬೆಳಿ ತಗೀತಾನ. ಬೆಂಗಳೂರಾಗ ಸುಮ್ಮಸುಮ್ಮನ ಎರಡ ವರ್ಷ ಓಡಿಲ್ಲ ಅದು.”

ಕಾಕಾ ಪೂರಾ ಮಾರ್ಕ್ಸ್ ಕೊಟ್ರು. ಸಾವ್ಕಾರ್ರು ಅಲ್ಲೂ ಒಂದ ತಪ್ಪ ಹಿಡದ್ರು. ಅಷ್ಟ ದುಡದ ರಾಜೀವ ಕೀರ್ದಿ-ಖಾತೆ ಸರಿಯಾಗಿ ಬರದ ಇಟ್ಟಿದ್ರ, ಅಕ್ಕನ ಮಗಾ ರೊಕ್ಕದ ಲೆಕ್ಕಾ ಕೇಳಿದಾಗ ಬುಕ್ಕ ತಗದ ಮುಂದ ಇಡಬಹುದಿತ್ತಂತ. “ಮನಿ ಬಿಟ್ಟ ಹೋಗೂ ಪಾಳಿನ ಬರತಿರಲಿಲ್ಲ!”

“ಹಂಗಾದ್ರ ಸಿನಿಮಾ ಮಂದಿ ಅತ್ತಗೋತ ಹೆಂಗ ಮನೀಗಿ ಹೋಗಬೇಕ್ರಿ?” ಅಂದ ಬಸ್ಯಾ.

“ಲೆಕ್ಕಾ ಸರಿ ಬಂದ್ರೂ ಕಣ್ಣಾಗ ನೀರ ಬರ್ತಾವ ತಮ್ಮಾ. ನೀ ಮಾರ್ಚ್ ತಿಂಗಳದಾಗ ನಮ್ಮ ಅಂಗಡೀಗಿ ಬಾ.”

ಕೆಜಿಎಫ್ ಮಾತ ಬಂತು. ಮಾಸ್ತರು ಅದನ್ನ ನೋಡೂವಾಗ ಪರದೆಮ್ಯಾಲ ಎಲ್ಲಾ ಕರ‍್ರಗ, ಧೂಳ ಧೂಳ ಕಂಡು ಕಣ್ಣಿಗಿ ಮೋತಿಬಿಂದು ಬಂದೈತಿ ಅಂತ ಹೆದರಿದ್ರಂತ. ಹೊರಗ ಬಂದು ಗೋಳಗುಮ್ಮಟ ನೆಟ್ಟಗ ಕಂಡ ಮ್ಯಾಲ ಸಮಾಧಾನ ಆತಂತ. ಗಣಿಯೊಳಗ ದುಡದಾನ ಅಂತ ಕಾಕಾ ಹೀರೋನ್ನ ಪಾಸ್ ಮಾಡಿದ್ರು. ಅದರ ಬಗ್ಗೆ ಇದಕಿಂತ ಹೆಚ್ಚಿಗಿ ಹೇಳೂದು ನನಗೂ ಏನಿಲ್ಲ.

ಖರೇ ಜಗಳ ಹತ್ತಿದ್ದು ಸೀರಿಯಲ್ಲಿಗಿ. ಸಾವ್ಕಾರ್ರ ಮನ್ಯಾಗ ಸಂಜಿ ಆರರಿಂದ ರಾತ್ರಿ ಹತ್ತರ ತನಕಾ ರಿಮೋಟ್ ವೈನಿ ಕೈಯಾಗ. ಸಾವ್ಕಾರ್ರು ನೋಡೂದಿಲ್ಲಂತ. ಆದ್ರ ಯಾವ ಸೊಸಿಗಿ ಯಾವ ಅತ್ತಿ ಏನ್ ವಿಷಾ ಹಾಕ್ಯಾಳ ಅಂತ ಒಂದೂ ಬಿಡದ ಹೇಳ್ತಾರ.

“ಎಲ್ಲಾ ಸೀರಿಯಲ್ಲಿನ್ಯಾಗೂ ಒಂದ ಕಂಪನಿ ಇರ್ತೈತಿ,” ಅಂದ್ರು ಕಾಕಾ. “ಆ ಕಂಪನಿ ಏನ್ ತಯಾರ ಮಾಡ್ತೈತಿ? ಸೊಪ್ಪು ಮಾರ್ತೈತೋ, ಸಿಮೆಂಟ್ ಮಾರ್ತೈತೋ? ವರ್ಷಗಟ್ಟಲೆ ನೋಡೀನಿ, ಗೊತ್ತಾಗಿಲ್ಲ. ಫೈಲ್ ಬರ್ತೈತಿ, ಸಹಿ ಮಾಡ್ತಾನ. ಕಾನ್ಫರೆನ್ಸ್ ಹಾಲಿನ್ಯಾಗ ಎಲ್ಲಾರೂ ಚಪ್ಪಾಳಿ ಬಡೀತಾರ. ‘ಡೀಲ್ ಕೈ ತಪ್ಪಿತು’ ಅಂತ ಒಬ್ಬಾಂವ ನೀರಿನ ಗ್ಲಾಸ್ ಒಗೀತಾನ. ಯಾವ ಡೀಲೋ ಮಾರಾಯಾ?”

“ಜಿಎಸ್‌ಟಿ ನಂಬರರೇ ಹೇಳ್ಲಿ, ನಾನ ತಪಾಸ ಮಾಡ್ತೀನಿ,” ಅಂದ್ರು ಸಾವ್ಕಾರ್ರು.

ಊಟದ್ದ ಅಂತೂ ಕೇಳಬ್ಯಾಡ್ರಿ. ಇಷ್ಟುದ್ದ ಟೇಬಲ್, ಅದರ ಮ್ಯಾಲ ಹನ್ನೆರಡ ನಮೂನಿ ಅಡಗಿ. ಒಂದ ತುತ್ತ ಕಲಸಿ ಬಾಯಿತನಾ ಒಯ್ದಿರ್ತಾರ, ಅಷ್ಟೊತ್ತಿಗಿ ಒಬ್ಬಾಕಿ ಒಂದ ಮಾತ ಅಂತಾಳ. ಆ ತುತ್ತ ಅಲ್ಲೇ ನಿಂತ ಬಿಡ್ತೈತಿ. ಎಲ್ಲಾರ ಮಾರಿ ಒಂದೊಂದಾಗಿ ತೋರಸ್ತಾರ, ಒಂದೊಂದ ಮಾರಿಗೂ ಢಂಢಂ ಅಂತ ಸದ್ದ. ಆಮ್ಯಾಲ ಜಾಹೀರಾತ. ತಿರಗಿ ಬಂದಾಗ ಆ ತುತ್ತ ಇನ್ನಾ ಗಾಳ್ಯಾಗ. ಕಡೀಕ ಕೈ ತೊಳಕೊಂಡ ಎದ್ದ ಹೋಗ್ತಾರ. ನಮ್ಮ ಮನ್ಯಾಗ ಯಾರರೆ ಹಂಗ ತಾಟಿನ ಮುಂದಿಂದ ಎದ್ರ ಅವ್ವ ಮರದಿವಸ ರೊಟ್ಟಿನ ಬಡೀತಿರಲಿಲ್ಲ.

ಎಲ್ಲಾ ಸೀರಿಯಲ್ಲೂ ಹಿಂಗ ಅಲ್ಲ ಅಂತ ಮಾಸ್ತರು ಅಡ್ಡ ಬಂದ್ರು. 2020ರಾಗ ಲಾಕ್‌ಡೌನ್ ಆಗಿ ಶೂಟಿಂಗ್ ನಿಂತಾಗ ಹಿಂದಿ ಮಹಾಭಾರತ ಕನ್ನಡಕ್ಕ ಡಬ್ ಆಗಿ ಬಂತಲ್ಲ, ಅದನ್ನ ಅವರ ಮನ್ಯಾಗ ಮೊಮ್ಮಕ್ಕಳಿಂದ ಹಿಡದ ಎಲ್ಲಾರೂ ಕೂಡಿ ನೋಡಿದ್ರಂತ. ಡಬ್ಬಿಂಗ ಬ್ಯಾಡ ಅಂತ ಎಷ್ಟೋ ವರ್ಷ ಜಗಳಾಡಿದ ನಾಡು, ಕಡೀಕ ಬಾಗಲಾ ತಗಸಿದ್ದು ಕೃಷ್ಣ ಪರಮಾತ್ಮ.

“ಅದರಾಗ ವಿರಾಟಪರ್ವ ಚಲೋ,” ಅಂದ್ರು ಕಾಕಾ. “ಐದೂ ಮಂದಿಗಿ ನೌಕರಿ ಐತಿ. ಭೀಮ ಅಡಗಿಯಾಂವ, ಅರ್ಜುನ ಡ್ಯಾನ್ಸ್ ಮಾಸ್ತರ, ಒಬ್ಬಾಂವ ಕುದರಿ, ಒಬ್ಬಾಂವ ದನಾ.”

“ಧರ್ಮರಾಯ?”

“ಅರಸನ ಕೂಡ ಪಗಡಿ ಆಡೂದು.”

“ಅದು ಯಾವ ಕೆಲಸಾರೀ?”

“ಸರಕಾರಿ ಕೆಲಸಾ,” ಅಂದ್ರು ಸಾವ್ಕಾರ್ರು. ಮಾಸ್ತರು, ಕಾಕಾ ಇಬ್ಬರೂ ಪೆನ್ಶನ್ನಿನವರು. ಒಂದೀಟ ಹೊತ್ತ ಯಾರೂ ಮಾತಾಡಲಿಲ್ಲ.

ನನ್ನ ಪಾಳಿ ಬಂದಾಗ ನಾ ಮಾಲ್ಗುಡಿ ಡೇಸ್ ಅಂದೆ. 1980ರ ದಶಕದಾಗ ದೂರದರ್ಶನದಾಗ ಬಂದಿದ್ದು, ಶಂಕರನಾಗ ಆಗುಂಬೆಯೊಳಗ ತಗದದ್ದು. ಹಿಂದಿ ಮಾತಾಡಿದ್ರೂ ಊರ ನಮ್ಮದ ಅನಸ್ತಿತ್ತು. ಅದರಾಗ ಒಬ್ಬ ಟಪಾಲಿನಾಂವ ಅದಾನಲ್ರಿ, ಪ್ರತಿ ಮನೀ ಕಟ್ಟೀಮ್ಯಾಲ ಕುಂತು ಸುಖಾ-ದುಃಖಾ ಕೇಳಿ ಆಮ್ಯಾಲ ಕಾಗದ ಕೊಡಾಂವ. ಒಂದ ಮನ್ಯಾಗ ಮಗಳ ಮದವಿ ಗೊತ್ತಾಗಿರ್ತದ. ಅಷ್ಟರಾಗ ಸಂಬಂಧಿಕರ ಸಾವಿನ ಸುದ್ದಿ ಬರ್ತದ. ಮದವಿ ನಿಂತೀತು ಅಂತ ಹೆದರಿ ಆ ಕಾಗದ ತನ್ನ ಹಂತ್ಯಾಕ ಇಟ್ಕೋತಾನ. ಅಕ್ಷತಿ ಬಿದ್ದ ಮ್ಯಾಲ ತಂದ ಕೊಡ್ತಾನ. ಆ ತಂದಿ ಮಾರಿ, ಈ ಟಪಾಲಿನಾಂವನ ಮಾರಿ, ಎರಡೂ ನೋಡಬೇಕ ನೀವು. ಢಂಢಂ ಇಲ್ಲ, ಏನಿಲ್ಲ.

ಕಾಕಾ ತಲಿ ಅಲ್ಲಾಡಸಿದ್ರು. “ಕಥಿ ಚಲೋ. ಆದ್ರ ಇಲಾಖಾದಾಗ ಗೊತ್ತಾದ್ರ ಸಸ್ಪೆಂಡ್.”

“ಅಂವಾನೂ ಅದನ್ನ ಹೇಳ್ತಾನ ಕಾಕಾ, ಬೇಕಾದ್ರ ಕಂಪ್ಲೇಂಟ್ ಕೊಡ್ರಿ ಅಂತ.”

“ಹಂಗಂದ್ರ ಪಾಸ್. ರೂಲ್ ಗೊತ್ತಿದ್ದ ಮುರದಾನ.”

ಮಾಸ್ತರು ಹಿಂದಿ ಅಂದಕೂಡಲೇ 1943ಕ್ಕ ಜಿಗದ್ರು. ಕಿಸ್ಮತ್ ಸಿನಿಮಾ, ಕಲಕತ್ತಾದಾಗ ಒಂದ ಟಾಕೀಜಿನ್ಯಾಗ ಮೂರ ವರ್ಷಕ್ಕಿಂತ ಹೆಚ್ಚ ಓಡಿದ್ದು. ಅದರ ಹಾಡ ಹಾಡಿದಾಕಿ ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ನಮ್ಮ ಊರಾಗ ಆಕೀ ಹೆಸರಿನ ಅಮೀರ ಟಾಕೀಜು ಇತ್ತಲ್ರಿ, ಅಕೀನ.

“ಅದರ ಹೀರೋ?”

“ಅಶೋಕಕುಮಾರ. ಕಿಸೆಗಳ್ಳ.”

“ಆತು ಬಿಡ್ರಿ, ಅದೂ ಒಂದ ಕಸಬ. ಅಂಥವರನ್ನ ನನ್ನ ಗಾಡ್ಯಾಗ ನಾ ಭಾಳ ನೋಡೀನಿ. ನಾಚಿಕಿ ಬಿಟ್ಟ್ರ ಉಳದದ್ದೆಲ್ಲಾ ಇರ್ತಿತ್ತು ಅವರಿಗಿ.”

ಕಾಕಾನ ಅತ್ಯಂತ ಪ್ರೀತಿಯ ಸಿನಿಮಾ ಕನ್ನಡದ್ದಲ್ಲ, 2016ರ ಮರಾಠಿ ಸೈರಾಟ್. ಸೊಲ್ಲಾಪುರದಾಗ ನೋಡಿದ್ದು. ಕಥಿ ನಡಿಯೂ ಕರಮಾಳಾ ಅದ ಜಿಲ್ಲಾದ್ದು. ಹುಡುಗಿ ಬುಲೆಟ್ ಹೊಡೀತಾಳ, ಟ್ರ್ಯಾಕ್ಟರ್ ಹೊಡೀತಾಳ. ಮಂದಿ ಥಿಯೇಟರಿನ್ಯಾಗ ಎದ್ದ ಕುಣದ್ರಂತ. “ಕುಣದದ್ದೆಲ್ಲಾ ಮೊದಲಿನ ಅರ್ಧ. ನನಗ ಸೇರಿದ್ದು ಮುಂದಿನ ಅರ್ಧ. ಹೈದರಾಬಾದಿಗಿ ಓಡಿ ಹೋಗಿ ಏನ್ ಮಾಡ್ತಾರ? ಅಂವಾ ದೋಸಿ ಹಾಕ್ತಾನ, ಅಕಿ ಫ್ಯಾಕ್ಟರ್ಯಾಗ ದುಡೀತಾಳ. ಪ್ರೀತಿ ಮಾಡಿ ಓಡಿ ಹೋದವರು ಮರದಿವಸ ಏನ್ ತಿಂತಾರ ಅಂತ ತೋರಸಿದ ಸಿನಿಮಾ ಮತ್ತೊಂದ ಹೇಳ್ರಿ! ಕಡೀಕ ಸದ್ದೆಲ್ಲಾ ಬಂದ್ ಆಗ್ತದಲ್ಲ, ಆವತ್ತ ನನಗ ಗಾಡಿ ಹತ್ತಿ ರೈಟ್ ಅನ್ನಾಕ ದನಿ ಬರಲಿಲ್ಲ.”

ಮುಂದಿನ ವರ್ಷ ಅದ ಕಥಿ ಕನ್ನಡದಾಗ ಮನಸು ಮಲ್ಲಿಗೆ ಅಂತ ಬಂತು. ಅದ ಹುಡುಗಿ, ಅವ ಹಾಡು. ಆದ್ರೂ ಅದು ನಮ್ಮ ಸೀಮಿ ವಾಸನಿ ಹೊಡೀಲಿಲ್ಲ ಅಂತ ಐದೂ ಮಂದಿ ಒಪ್ಪಿದ್ವಿ. ಭೀಮಾ ಹೊಳಿ ಆಚೀಕಡಿ ಮರಾಠಿ ಮಾತಾಡಿದ ಹುಡುಗಿ ನಮಗ ಹತ್ತರದಾಕಿ ಅನಿಸಿದ್ಲು, ಕನ್ನಡ ಮಾತಾಡಿದಾಕಿ ದೂರದಾಕಿ.

“ಯಾಕಂದ್ರ ನಮ್ಮ ಭಾಷಾ ಹೀರೋನ ಬಾಯಾಗ ಇಡೂದ ಇಲ್ಲ!” ಬಸ್ಯಾ ಸಿಟ್ಟಿಗೆದ್ದ. “ತಿಥಿ ಸಿನಿಮಾದೊಳಗ ಮಂಡ್ಯದ ಮಾತ ಇತ್ತು, ನೋಡಿದ್ವಿ. ಕಾಂತಾರದಾಗ ಕುಂದಾಪುರ ಕಡಿ ಮಾತ ಇತ್ತು, ಎರಡ ಸರ್ತಿ ನೋಡಿದ್ವಿ. ನಮ್ಮದ ಬಂತಂದ್ರ ಕಾಮಿಡಿಯಾಂವ. ಬರೂದ ‘ಯಕ್ಕಾ, ಯಪ್ಪಾ’ ಅನಕೋತ, ಹೊಡಿಸಿಕೊಂಡ ಹೋಗೂದು. ನಾವೇನ್ ಇಲ್ಲಿ ಪ್ರೀತಿ ಮಾಡೂದಿಲ್ಲೇನು? ಸಿಟ್ಟಿಗೇಳೂದಿಲ್ಲೇನು?”

“ನೀ ಸಿಟ್ಟಿಗೆದ್ರೂ ನಗಿನ ಬರ್ತೈತಿ,” ಅಂದ್ರು ಸಾವ್ಕಾರ್ರು. ಅದರ ಜತಿಗೇ ಒಂದ ಗುಟ್ಟ ಬಿಚ್ಚಿದ್ರು. ಬಿಗ್ ಬಾಸ್ ಅಂದ್ರ ಬೈಯುತ್ತಿದ್ದವರು ಹನ್ನೊಂದನೇ ಸೀಸನ್ನಿನ್ಯಾಗ ದಿನಾ ಕುಂತ ನೋಡಿದ್ರಂತ, ಹಾವೇರಿ ಕಡಿ ಹನುಮಂತನ ಸಲವಾಗಿ. ಲುಂಗಿ ಸುತಗೊಂಡ, ನಡುವ ವೈಲ್ಡ್ ಕಾರ್ಡ್ ಮ್ಯಾಲ ಒಳಗ ಹೋದ ಹುಡುಗ, 2025ರ ಜನವರಿಯಾಗ ಗೆದ್ದ ಹೊರಗ ಬಂದ. “ಅಂವಾ ಭಾಷಾ ಬದಲ ಮಾಡಲಿಲ್ಲ ನೋಡ್ರಿ. ನಮ್ಮಾಕಿ ಓಟ್ ಹಾಕಿದ್ಲು. ನಂದೂ ಫೋನ್ ಕಸಗೊಂಡ ಹಾಕಿದ್ಲು.”

“ಕಸಗೊಂಡ್ಲೋ, ನೀವ ಕೊಟ್ಟ್ರೋ?”

ಸಾವ್ಕಾರ್ರು ಮಾತ ತಿರಗಿಸಿ, ನಾವ ಒಂದ ಸಿನಿಮಾ ಯಾಕ ತಗೀಬಾರದು ಅಂದ್ರು. ರೊಕ್ಕದ ಮಾತ ಅವರ ಬಾಯಿಂದ ಬಂದದ್ದಕ್ಕ ಎಲ್ಲಾರೂ ನೆಟ್ಟಗ ಕುಂತ್ವಿ. ಐದ ನಿಮಿಷದಾಗ ಕಥಿ ತಯಾರ. ಹೀರೋ ಸೊಲ್ಲಾಪುರ ಗಾಡಿ ಕಂಡಕ್ಟರ್. ಹೀರೋಯಿನ್ ದಿನಾ ಪಾಸ್ ತೋರಸಿ ಹತ್ತಾಕಿ. ಇಂಟರ್‌ವಲ್ ಝಳಕಿಯೊಳಗ, ಡ್ರೈವರ್ ಚಾಕ್ಕ ನಿಲ್ಲಸಿದಾಗ. ಧೂಳಖೇಡದ ಪೂಲ್ ದಾಟಿದ ಮ್ಯಾಲ ಹೀರೋಯಿನ್ ಮರಾಠಿ ಮಾತಾಡ್ತಾಳ, ಹೀರೋ ಅಲ್ಲೂ ವಿಜಯಪುರದ ಕನ್ನಡಾನ ಬಿಡೂದಿಲ್ಲ. ಊಟದ ಸೀನಿನ್ಯಾಗ ಶೇಂಗಾ ಚಟ್ನಿ, ಖಡಕ್ ರೊಟ್ಟಿ. ಡಬ್ಬಿ ಪೂರ್ತಿ ಖಾಲಿ ಆಗೂತನಾ ಕ್ಯಾಮರಾ ಕದಲಂಗಿಲ್ಲ, ಇದು ನನ್ನ ಶರತ್ತು.

“ಎಲ್ಲಾ ಸರಿ, ವಿಲನ್ ಯಾರ್ರಿ?” ಅಂದ ಬಸ್ಯಾ. “ರೌಡಿ? ಎಮ್ಮೆಲ್ಲೆ? ಹುಡುಗಿ ಅಪ್ಪ?”

ಕಾಕಾ ಅಂವನ್ನ ಕನಿಕರದಿಂದ ನೋಡಿದ್ರು.

“ಚೆಕಿಂಗಿನವರು,” ಅಂದ್ರು.