ಝೆನ್ ಕಾರು 80ಕ್ಕೆ ಬಂದರೆ ಸ್ಟಿಯರಿಂಗ್ ಗಡಗಡ, ಎರಡು ಸಲ ಬ್ಯಾಲೆನ್ಸಿಂಗ್ ಆದರೂ ಹೋಗ್ತಿಲ್ಲ

ಸಾಗರದ ತೋಟದಿಂದ:
ಅಪ್ಪಯ್ಯ ಕೊಂಡ 2004ರ ಝೆನ್ ಇದು. ಮನೆಯಿಂದ ಸಾಗರ ಪೇಟೆಗೆ ಓಡಾಡುವಾಗ ಏನೂ ಗೊತ್ತಾಗೋದಿಲ್ಲ. ಶಿವಮೊಗ್ಗ ರಸ್ತೆಯಲ್ಲಿ ಆನಂದಪುರ ದಾಟಿ 75ಕ್ಕೆ ಬಂದೆ ಅಂದ್ರೆ ಸ್ಟಿಯರಿಂಗ್ ಅದುರಲು ಶುರು. 85ಕ್ಕೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ತಲೆ ಅಲ್ಲಾಡಿಸ್ತಾನೆ. 95 ದಾಟಿದರೆ ಸ್ವಲ್ಪ ಕಮ್ಮಿ. ಅಷ್ಟು ಓಡಿಸುವ ಧೈರ್ಯ ನನಗೆ ಬಂದಿದ್ದು ಒಂದೇ ಸಲ.

ಗಾಲಿಯ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಎರಡು ಕಡೆ ಮಾಡಿಸಿದೆ. ಎರಡನೇ ಕಡೆ ಮಷಿನ್‌ನಲ್ಲಿ ಎರಡೂ ಬದಿ ಸೊನ್ನೆ ತೋರಿಸಿದ್ದನ್ನು ನಾನೇ ನಿಂತು ನೋಡಿದ್ದೇನೆ. ಟೈರಿನ ಮೇಲಿನ ಗೀರು ಇನ್ನೂ ಸವೆದಿಲ್ಲ. ಒಂದು ಗ್ಯಾರೇಜಿನವರು ಎರಡೂ ಲೋವರ್ ಆರ್ಮ್ (ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ತೋಳು), ಎರಡೂ ಆಕ್ಸಲ್ (ಗಾಲಿ ತಿರುಗಿಸುವ ದಂಡ) ಬದಲಿಸಿ, 14,000 ಆಗ್ತದೆ ಅಂದರು. ಈ ಗಾಡಿಗೆ ಅಷ್ಟು ಸುರಿಯೋದಾ? ಅಮ್ಮ ಮಾರೋಕೂ ಬಿಡೋದಿಲ್ಲ.

ಮಂಡ್ಯ ಡ್ರೈವರ್:
ರಿಮ್ ಒಳಗಡೆ ಕೆಸರು ಕಟ್ಟಿಕೊಂಡಿದೆಯಾ ನೋಡಿ ಸಾರ್. ಗದ್ದೆ ದಾರಿಲಿ ಹೋಗಿಬಂದು ಒಣಗಿದ್ರೆ ನನ್ ಗಾಡಿನೂ ಹಿಂಗೇ ಕುಣೀತದೆ. ಪೈಪ್ ಹಿಡಿದು ತೊಳೆದ್ರೆ ಸರಿಹೋಯ್ತದೆ, ಒಂದು ರೂಪಾಯಿ ಖರ್ಚಿಲ್ಲ.

ಸಾಗರದ ತೋಟದಿಂದ:
ಬ್ಯಾಲೆನ್ಸಿಂಗ್‌ಗೆ ಹೋಗುವ ಮೊದಲೇ ತೊಳೆದಿದ್ದೆ. ನಮ್ಮ ಕೆಂಪು ಮಣ್ಣು ಗೊತ್ತಲ್ಲ, ಸ್ಕ್ರೂಡ್ರೈವರ್ ಹಾಕಿ ಕೆರೆದು ತೆಗೆದದ್ದು. ಅದಲ್ಲ.

ಹುಬ್ಬಳ್ಳಿ ಹಳೇ ಮಿಸ್ತ್ರಿ:
ರೊಕ್ಕ ಕೊಡಬ್ಯಾಡ್ರಿ ಇನ್ನಾ. ನಡುಕ ಯಾವಾಗ ಬರ್ತೈತಿ ಅನ್ನೂದ ಅರ್ಧಾ ರೋಗ ಹೇಳ್ತೈತಿ. ಬ್ರೇಕ್ ಒತ್ತಿದಾಗಷ್ಟ ಬಂದ್ರ ಡಿಸ್ಕ್. ಎಕ್ಸಲರೇಟರ್ ಒತ್ತಿದ್ರ ಬಂದು, ಕಾಲ ಎತ್ತಿದ ಕೂಡಲೆ ಹೋದ್ರ ಆಕ್ಸಲ್ ಒಳಗಿನ ಜಾಯಿಂಟ್. ಪೂರ್ತಿ ಸ್ಟಿಯರಿಂಗ್ ತಿರುವಿ ಹೊಂಟಾಗ ಟಕ್ ಟಕ್ ಅಂದ್ರ ಹೊರಗಿನ ಜಾಯಿಂಟ್. ನೀವು ಇವು ಯಾವೂ ಹೇಳಿಲ್ಲ. ಒಂದು ಸ್ಪೀಡಿಗೆ ಬಂದು, ಅದನ್ನ ದಾಟಿದ್ರ ಕಡಿಮಿ ಆಗ್ತೈತಿ ಅಂದ್ರ ಅದು ಗಾಲಿ ಸುದ್ದಿ. ಖಾಲಿ ರಸ್ತೆದಾಗ 85ಕ್ಕ ಹೋಗಿ ನ್ಯೂಟ್ರಲ್ ಮಾಡಿ ನೋಡ್ರಿ. ಇಂಜಿನ್ ಆವಾಜ್ ಇಳಿದ್ರೂ ನಡುಕ ಹಂಗ ಇದ್ರ ಇಂಜಿನ್, ಅದು ಕೂಡೂ ರಬ್ಬರ್ ಮೌಂಟಿಂಗ್ ಎಲ್ಲಾ ಬಿಟ್ಟುಬಿಡ್ರಿ. ಎಂಜಿನ್ ಮಾತ್ರ ಬಂದ್ ಮಾಡಬ್ಯಾಡ್ರಿ ಮತ್ತ.

ಝೆನ್‌ಗೆ 145/70 ಆರ್13 ಟೈರು. ಸುತ್ತಳತಿ ಸುಮಾರು 1.67 ಮೀಟರ್. 85ಕ್ಕ ಹೊಂಟ್ರ ಸೆಕೆಂಡಿಗೆ 14 ಸುತ್ತು. ಒಂದ ಕಡೆ ಉಬ್ಬಿದ್ರೂ ಸೆಕೆಂಡಿಗೆ 14 ಸಲ ನಿಮ್ಮ ಕೈಗೆ ಬಡೀತೈತಿ. ಬ್ಯಾಲೆನ್ಸಿಂಗ್ ಮಷಿನ್ ತೂಕ ನೋಡ್ತೈತ್ರಿ, ದುಂಡ ನೋಡಂಗಿಲ್ಲ. ಚಕ್ಕುಲಿ ತೂಕ ಸರಿ ಐತಿ ಅಂದ್ರ ದುಂಡಗೂ ಐತಿ ಅನ್ನಾಕ ಬರ್ತೈತೇನು?

ಹಿಂದಿನ ಗಾಲಿಗೆ ಕಲ್ಲು ಕೊಡ್ರಿ, ಹ್ಯಾಂಡ್‌ಬ್ರೇಕ್ ಹಾಕ್ರಿ, ಮುಂದಿಂದ ಒಂದು ಗಾಲಿ ಎತ್ರಿ. ಬರೇ ಜಾಕಿ ನಂಬಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ. ಗಾಲಿನ ಮ್ಯಾಲೆ-ಕೆಳಗ ಹಿಡಿದು ಅಲುಗಾಡಿಸಿದ್ರ ಬೇರಿಂಗ್, ಬಾಲ್ ಜಾಯಿಂಟ್ ಆಟ, ಅಂದ್ರ ಸಡಿಲ, ಗೊತ್ತಾಗ್ತೈತಿ. ಎಡಕ್ಕ-ಬಲಕ್ಕ ಹಿಡಿದ್ರ ಟೈ ರಾಡ್ ಎಂಡ್, ಅಂದ್ರ ಸ್ಟಿಯರಿಂಗ್ ದಂಡ ಗಾಲಿಗೆ ಕೂಡೂ ತುದಿ. ಆಮ್ಯಾಲೆ ನ್ಯೂಟ್ರಲ್ ಮಾಡಿ, ಒಂದು ಇಟ್ಟಂಗಿ ಮ್ಯಾಲೆ ಸ್ಕ್ರೂಡ್ರೈವರ್ ಇಟ್ಟು ತುದಿ ಟೈರಿಗೆ ತಾಗೂ ತಾಗದಂಗ ಹಿಡಿದು, ಗಾಲಿ ಕೈಲೆ ನಿಧಾನ ತಿರುವ್ರಿ. ಒಂದ ಕಡೆ ತಾಗಿ ಇನ್ನೊಂದ ಕಡೆ ಸಂದಿ ಬಿಟ್ರ ಕಳ್ಳ ಸಿಕ್ಕ.

ಲೋವರ್ ಆರ್ಮ್ ರಬ್ಬರ್ ಬುಷ್ ಹ್ವಾದ್ರ ನಡುಕ ಹುಟ್ಟಂಗಿಲ್ರಿ, ಇದ್ದ ನಡುಕ ಜಾಸ್ತಿ ಆಗ್ತೈತಿ ಅಷ್ಟ. ಟೈರ್ ಗ್ವಾಡಿ ಮ್ಯಾಲೆ ನಾಕು ಅಂಕಿ ಇರ್ತಾವ, ಅದನ್ನೂ ಓದ್ರಿ. 3113 ಅಂದ್ರ 2013ರ 31ನೇ ವಾರದ ಮಾಲು.

ಸಾಗರದ ತೋಟದಿಂದ:
ಭಾನುವಾರ ಅಡಿಕೆ ಅಂಗಳದಲ್ಲೇ ಗಾಡಿ ಎತ್ತಿದೆ. ಎಡಗಡೆ ಗಾಲಿ ದುಂಡಗೇ ಇದೆ, ಟೈ ರಾಡ್ ಎಂಡ್‌ನಲ್ಲಿ ಮಾತ್ರ ಒಂಚೂರು ಆಟ. ಬಲಗಡೆ ತಿರುಗಿಸುತ್ತಾ ಹೋದರೆ ಸ್ಕ್ರೂಡ್ರೈವರ್ ತುದಿಯನ್ನು ರಬ್ಬರು ತಳ್ಳಿಕೊಂಡೇ ಹೋಯಿತು! ಹೆಂಡತಿ ಕೈಯಾಡಿಸಿ ನೋಡಿ "ಹಾವು ಕಪ್ಪೆ ನುಂಗಿದ ಹಾಗಿದೆ" ಅಂದಳು. ಒಂದು ಗೇಣು ಉದ್ದಕ್ಕೆ ಉಬ್ಬು. ನಿಂತು ನೋಡಿದರೆ ಕಾಣೋದೇ ಇಲ್ಲ, ಕೈಗೆ ಮಾತ್ರ ಸಿಗ್ತದೆ. ಅಂಕಿ 2212. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಕೂಡ ಓಡದ ಗಾಡಿ, ಸವೆಯದೇ ಮುದಿಯಾಗಿದೆ.

ಅಲ್ಲಿಗೆ ಸ್ಟೆಪ್ನಿ ಹಾಕಿ ಆನಂದಪುರದಾಚೆಗೆ ಹೋಗಿ ಬಂದೆ. 85ರಲ್ಲಿ ಗಣಪತಿ ಸುಮ್ಮನೆ ಕೂತಿದ್ದ. ಕೈಗೆ ಸಣ್ಣ ಜುಂ ಇನ್ನೂ ಇದೆ, ಮೊದಲಿನ ಕಾಲುಭಾಗವೂ ಇಲ್ಲ. ಟೈ ರಾಡ್ ಇರಬಹುದಾ?

ಹುಬ್ಬಳ್ಳಿ ಹಳೇ ಮಿಸ್ತ್ರಿ:
ಇರಬಹುದು. ಆ ಉಬ್ಬಿದ ಟೈರ್ ಹಿಂದಕ್ಕೂ ಹಾಕಬ್ಯಾಡ್ರಿ, ಒಳಗಿನ ಬೆಲ್ಟ್ ಬಿಟ್ಟೈತಿ, ಯಾವಾಗ ಸಿಡೀತೈತಿ ಹೇಳಾಕ ಆಗಂಗಿಲ್ಲ. ಮುಂದ ಎರಡೂ ಹೊಸವು ಹಾಕ್ರಿ, ಟೈ ರಾಡ್ ಎಂಡ್ ಬದಲಿಸಿ *ಆಮ್ಯಾಲೆ* ಗಾಲಿ ನೆಟ್ಟಗ ಕೂಡ್ಸೂ ಅಲೈನ್‌ಮೆಂಟ್. ಮದ್ಲ ಅಲೈನ್‌ಮೆಂಟ್ ಮಾಡಿಸಿದ್ರ ಎರಡು ಸಲ ರೊಕ್ಕ. ಅಂದಂಗ, ಆ ಸ್ಟೆಪ್ನಿ ಅಂಕಿ ಓದೀರೇನು?

ಸಾಗರದ ತೋಟದಿಂದ:
ಈಗ ಟಾರ್ಚ್ ಹಿಡಿದು ನೋಡಿ ಬಂದೆ. 4011. ಅಂಗಡಿಗೆ ಫೋನ್ ಮಾಡಿ ಎರಡು ಅಂದಿದ್ದನ್ನು ಮೂರು ಮಾಡಿಸಿದ್ದೇನೆ.