ನಾಲ್ಕಕ್ಕೆ ಒಂದು ಅಂಕ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರ್ಧಂಬರ್ಧ ಪದಗಳನ್ನೂ ಇಮೋಜಿಗಳನ್ನೂ ಹಾಕುವಂತಿಲ್ಲ. ಹೇಳುವುದೇನಿದ್ದರೂ ಪೂರ್ಣ ವಾಕ್ಯದಲ್ಲಿ ಹೇಳಬೇಕು. ಇದು ನಿವೃತ್ತ ಗಣಿತ ಶಿಕ್ಷಕರಾದ ನಮ್ಮ ಸೋದರಮಾವ ಹಾಕಿದ ನಿಯಮ. ಅಕ್ಕ ತನ್ನ ಮಗಳು ಪುಟ್ಟಿಯ ಜೀವಶಾಸ್ತ್ರ ಉತ್ತರಪತ್ರಿಕೆಯ ಒಂದು ಪುಟದ ಫೋಟೊ ಹಾಕಿದ ದಿನ ಆ ನಿಯಮದಿಂದ ಒಳ್ಳೆಯದೇ ಆಯಿತು, ಏಕೆಂದರೆ ಸಿಟ್ಟಿನಲ್ಲಿದ್ದವರೂ ವಾಕ್ಯ ಮುಗಿಯುವವರೆಗೆ ಯೋಚಿಸಲೇಬೇಕಾಯಿತು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ, ಬಹಳ ವರ್ಷಗಳಿಂದ ಮೌಲ್ಯಮಾಪನವನ್ನೂ ಮಾಡುತ್ತಿರುವ ಚಿಕ್ಕಮ್ಮ ಈ ಗುಂಪಿನಲ್ಲಿರುವುದನ್ನು ಅಕ್ಕ ಮರೆತಿದ್ದಳೋ ಅಥವಾ ನೆನಪಿಟ್ಟುಕೊಂಡೇ ಹಾಕಿದಳೋ ನನಗೆ ಇನ್ನೂ ಗೊತ್ತಿಲ್ಲ. ಪುಟ್ಟಿಯ ಒಪ್ಪಿಗೆ ಪಡೆದು, ಬೇರೆ ವಿಷಯದ ಮಾತುಗಳನ್ನು ತೆಗೆದು, ಚರ್ಚೆಯನ್ನು ಇಲ್ಲಿ ಕೊಟ್ಟಿದ್ದೇನೆ.

ಫೋಟೊದಲ್ಲಿದ್ದ ಪ್ರಶ್ನೆ ಇದು: "ಒಂದೇ ಅಳತೆಯ ಎರಡು ಆಲೂಗಡ್ಡೆ ತುಂಡುಗಳಲ್ಲಿ ಒಂದನ್ನು ಶುದ್ಧ ನೀರಿನಲ್ಲಿಯೂ ಇನ್ನೊಂದನ್ನು ಗಾಢವಾದ ಉಪ್ಪಿನ ದ್ರಾವಣದಲ್ಲಿಯೂ ಇಡಲಾಯಿತು. ಮೊದಲನೆಯದು ಗಟ್ಟಿಯಾಯಿತು, ಎರಡನೆಯದು ಮೆತ್ತಗಾಯಿತು. ಕಾರಣವನ್ನು ವಿವರಿಸಿ. (4 ಅಂಕ)"

ಪುಟ್ಟಿಯ ಉತ್ತರ: "ನೀರಿನಲ್ಲಿ ಇಟ್ಟ ತುಂಡು ಗಟ್ಟಿಯಾಯಿತು. ಉಪ್ಪುನೀರಿನಲ್ಲಿ ಇಟ್ಟ ತುಂಡು ಮೆತ್ತಗಾಯಿತು. ಉಪ್ಪಿನ ದ್ರಾವಣದ ಸಾಂದ್ರತೆ ಹೆಚ್ಚು. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚು ಸಾಂದ್ರತೆಯಿಂದ ಕಡಿಮೆ ಸಾಂದ್ರತೆಗೆ, ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆಯ ಮೂಲಕ ಹೋಗುತ್ತದೆ. ಇದಕ್ಕೆ ಅಭಿಸರಣೆ ಎನ್ನುತ್ತಾರೆ."

ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 1 ಎಂದಿತ್ತು.

ಅಕ್ಕ: ಆರು ವಾಕ್ಯ ಬರೆದ ಮಗುವಿಗೆ ನಾಲ್ಕಕ್ಕೆ ಒಂದು ಅಂಕ ಕೊಟ್ಟಿದ್ದಾರೆ. ಅಭಿಸರಣೆ ಎಂಬ ಪದ ಇದೆ, ಪೊರೆ ಇದೆ, ಸಾಂದ್ರತೆ ಇದೆ. ಇನ್ನೇನು ಬೇಕಿತ್ತು ಎಂದು ತಿಳಿದವರು ಯಾರಾದರೂ ಹೇಳಿ.

ಭಾವ: ಓದಿದವರು ಅವಸರದಲ್ಲಿ ಓದಿದ್ದಾರೆ ಎಂದು ನನಗನ್ನಿಸುತ್ತದೆ. ಕೊನೆಯ ವಾಕ್ಯದ ಕೆಳಗೆ ಮಾತ್ರ ಗೆರೆ ಎಳೆದಿದ್ದಾರೆ. ಪಾರಿಭಾಷಿಕ ಪದವನ್ನು ಹುಡುಕಿ, ಅದಕ್ಕೊಂದು ಅಂಕ ಕೊಟ್ಟು ಪುಟ ತಿರುಗಿಸಿದ್ದಾರೆ.

ಮಾವ: ಗಣಿತದಲ್ಲಿ ಈ ರಗಳೆಯೇ ಇಲ್ಲ. ಹಂತ ಸರಿಯಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ನಿಮ್ಮ ಜೀವಶಾಸ್ತ್ರದಲ್ಲಿ ವಾಕ್ಯಕ್ಕೆ ಅಂಕ ಕೊಡುವುದರಿಂದಲೇ ಇಷ್ಟೆಲ್ಲ ತಕರಾರು.

ಚಿಕ್ಕಮ್ಮ: ಅಣ್ಣಾ, ನಾವೂ ವಾಕ್ಯಕ್ಕೆ ಅಂಕ ಕೊಡುವುದಿಲ್ಲ. ನಾಲ್ಕು ಅಂಕದ ಪ್ರಶ್ನೆ ಎಂದರೆ ಸಾಮಾನ್ಯವಾಗಿ ನಾಲ್ಕು ವಿಚಾರಗಳು. ಮಾದರಿ ಉತ್ತರದ ಪಟ್ಟಿಯಲ್ಲಿ ಅವು ಬಿಡಿಬಿಡಿಯಾಗಿ ಇರುತ್ತವೆ. ಇಲ್ಲಿ ಯಾರು ಪಟ್ಟಿ ಮಾಡಿದರೂ ಅಭಿಸರಣೆಯಿಂದ ನೀರು ಚಲಿಸಿತು ಎಂಬುದಕ್ಕೆ ಒಂದು, ಚಲನೆ ಯಾವ ಕಡೆಯಿಂದ ಯಾವ ಕಡೆಗೆ ಎಂಬುದಕ್ಕೆ ಒಂದು, ಅರೆಪಾರಕ ಪೊರೆಗೆ ಒಂದು, ಜೀವಕೋಶದ ಒಳಗಿನ ಒತ್ತಡ ಹೆಚ್ಚಾಗಿ ಅಥವಾ ಕಡಿಮೆಯಾಗಿ ತುಂಡು ಗಟ್ಟಿಯೋ ಮೆತ್ತಗೋ ಆಯಿತು ಎಂಬುದಕ್ಕೆ ಒಂದು ಎಂದು ಹಂಚುತ್ತಾರೆ. ಪುಟ್ಟಿಯ ಮೊದಲ ಎರಡು ವಾಕ್ಯಗಳು ಪ್ರಶ್ನೆಯಲ್ಲೇ ಇವೆ. ಪ್ರಶ್ನೆ ಕೊಟ್ಟದ್ದನ್ನು ಪ್ರಶ್ನೆಗೇ ಹಿಂತಿರುಗಿಸಿದರೆ ಅದಕ್ಕೆ ಅಂಕವಿಲ್ಲ. ಅಲ್ಲಿಗೆ ಉಳಿಯುವುದು ನಾಲ್ಕು ವಾಕ್ಯ.

ಅಕ್ಕ: ಸರಿ, ಆ ನಾಲ್ಕರಲ್ಲಾದರೂ ಮೂರು ವಿಚಾರ ಇಲ್ಲವೇ, ಚಿಕ್ಕಮ್ಮ?

ಚಿಕ್ಕಮ್ಮ: "ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ" ಎಂಬುದು ಅಡುಗೆಮನೆಯ ಮಾತು, ವಿವರಣೆಯಲ್ಲ. ನೀರಿನ ಅಣುಗಳು ಪೊರೆಯ ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ. ದ್ರಾವಣ ತೆಳುವಾಗಿರುವ ಕಡೆಯಿಂದ ಗಾಢವಾಗಿರುವ ಕಡೆಗೆ ಹೋಗುವ ಅಣುಗಳು ಹೆಚ್ಚು, ಹಿಂದಿರುಗುವವು ಕಡಿಮೆ, ಅಷ್ಟೇ. ಆದರೂ ಆ ವಾಕ್ಯಕ್ಕೆ ಅಂಕ ಕಳೆಯುವುದಿಲ್ಲ, ಅದನ್ನು ನೋಡಿಯೂ ನೋಡದಂತೆ ಬಿಡುತ್ತಾರೆ. ನಿಜವಾದ ತೊಂದರೆ ಇರುವುದು "ಹೆಚ್ಚು ಸಾಂದ್ರತೆಯಿಂದ ಕಡಿಮೆ ಸಾಂದ್ರತೆಗೆ" ಎಂಬಲ್ಲಿ. ಯಾವುದರ ಸಾಂದ್ರತೆ?

ಭಾವ: ವಾಕ್ಯದ ಕರ್ತೃಪದ ನೀರು, ಚಿಕ್ಕಮ್ಮ. ಹಾಗಿರುವಾಗ ಸಾಂದ್ರತೆಯೂ ನೀರಿನದೇ ಎಂದು ಓದುವುದು ಸಹಜವಲ್ಲವೇ? ನೀರು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ ಎಂದರೆ ಉತ್ತರ ಸರಿಯಾಗಿಯೇ ಇದೆ.

ಚಿಕ್ಕಮ್ಮ: ಆ ಒಂದು ವಾಕ್ಯವಷ್ಟೇ ಇದ್ದಿದ್ದರೆ ನಿಮ್ಮ ಮಾತನ್ನು ನಾನು ಒಪ್ಪಿಬಿಡುತ್ತಿದ್ದೆ. ಆದರೆ ಎರಡು ಸಾಲು ಮೇಲೆ ಅವಳೇ "ಉಪ್ಪಿನ ದ್ರಾವಣದ ಸಾಂದ್ರತೆ ಹೆಚ್ಚು" ಎಂದು ಬರೆದಿದ್ದಾಳೆ. ಸಾಂದ್ರತೆ ಎಂಬ ಪದಕ್ಕೆ ಅವಳೇ ಕೊಟ್ಟ ಆ ಅರ್ಥವನ್ನು ಹಿಡಿದು ಮುಂದಿನ ವಾಕ್ಯ ಓದಿ ನೋಡಿ. ನೀರು ಉಪ್ಪಿನ ದ್ರಾವಣದಿಂದ ಆಲೂಗಡ್ಡೆಯ ಒಳಕ್ಕೆ ನುಗ್ಗುತ್ತದೆ ಎಂದಾಗುತ್ತದೆ. ಹಾಗಾದರೆ ಆ ತುಂಡು ಮೆತ್ತಗಾಗುವುದಾದರೂ ಹೇಗೆ?

(ಇಲ್ಲಿ ಗುಂಪು ಸುಮಾರು ಹತ್ತು ನಿಮಿಷ ಮೌನವಾಗಿತ್ತು. ನಾನೂ ಆ ಎರಡು ವಾಕ್ಯಗಳನ್ನು ಮೂರು ಸಲ ಓದಿದೆ. ಫೋಟೊ ಮೊದಲು ನೋಡಿದಾಗ ನನಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು.)

ಅಕ್ಕ: ಮಗುವಿನ ಮನಸ್ಸಿನಲ್ಲಿ ಸರಿಯಾಗಿಯೇ ಇದೆ. ಬರೆಯುವಾಗ ಒಂದು ಪದ ಬಿಟ್ಟುಹೋಯಿತು ಅಷ್ಟೇ.

ಚಿಕ್ಕಮ್ಮ: ಇರಬಹುದು. ಆದರೆ ನಮ್ಮ ಮುಂದೆ ಬರುವುದು ಹಾಳೆಯೇ ಹೊರತು ಮನಸ್ಸಲ್ಲ. "ಅವಳ ಮನಸ್ಸಿನಲ್ಲಿ ಏನಿತ್ತು" ಎಂದು ಊಹಿಸಿ ಅಂಕ ಕೊಡಲು ಹೊರಟರೆ, ಒಳ್ಳೆಯ ಕೈಬರಹದ ಮಕ್ಕಳಿಗೆ ಉದಾರವಾಗಿ ಊಹಿಸುತ್ತೇವೆ, ಗೀಚಿದಂತೆ ಬರೆಯುವ ಮಕ್ಕಳಿಗೆ ಕೃಪಣರಾಗಿ ಊಹಿಸುತ್ತೇವೆ. ಇದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಅದಕ್ಕಾಗಿಯೇ ಪಟ್ಟಿ ಇರುವುದು.

ಮಾವ: ಇದನ್ನೇ ನಾನು ಹೇಳಿದ್ದು. ಗಣಿತದಲ್ಲಿ ಊಹೆಗೆ ಎಡೆಯೇ ಇಲ್ಲ.

ಭಾವ: ಮಾವನವರೇ, ಕ್ಷಮಿಸಿ. 1912ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ ಅಂಕಗಳು ಎಲ್ಲೆಲ್ಲೋ ಹರಡಿದ್ದವು. ಭಾಷೆಯ ವಿಷಯದಲ್ಲಿ ಹಾಗೆಯೇ ಆಗುವುದು ಎಂದು ಜನ ಅಂದರು. 1913ರಲ್ಲಿ ಅವರು ಅದೇ ಪರೀಕ್ಷೆಯನ್ನು ರೇಖಾಗಣಿತದ ಉತ್ತರಪತ್ರಿಕೆಯೊಂದಿಗೆ ಮಾಡಿದರು. ನೂರಕ್ಕೆ 30ಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು, 90ಕ್ಕಿಂತ ಹೆಚ್ಚು ಕೊಟ್ಟವರೂ ಇದ್ದರು. ಬರವಣಿಗೆಯ ಅಂದಕ್ಕೆ ಅಂಕ ಕಳೆಯಬೇಕೋ ಬೇಡವೋ ಎಂಬುದರಲ್ಲೇ ಶಿಕ್ಷಕರಿಗೆ ಒಮ್ಮತವಿರಲಿಲ್ಲ.

ಮಾವ: ರೇಖಾಗಣಿತವೇ?

ಭಾವ: ರೇಖಾಗಣಿತವೇ.

ಮಾವ: ಆ ಶಿಕ್ಷಕರ ಕೈಗೆ ಅಂಕ ಹಂಚಿಕೆಯ ಪಟ್ಟಿ ಕೊಟ್ಟಿರಲಿಕ್ಕಿಲ್ಲ.

ಚಿಕ್ಕಮ್ಮ: ಅಣ್ಣಾ, ಈಗ ನೀನು ನನ್ನ ಪಕ್ಷಕ್ಕೆ ಬಂದೆ. ಮೌಲ್ಯಮಾಪನ ಶುರುವಾಗುವ ಮೊದಲು ನಾವೆಲ್ಲ ಕುಳಿತು ಒಂದೇ ಉತ್ತರಪತ್ರಿಕೆಯನ್ನು ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಹೋಲಿಸುತ್ತೇವೆ. ಅಲ್ಲಿ ನಡೆಯುವ ಜಗಳದ ಮುಂದೆ ಈ ಗುಂಪಿನ ಜಗಳ ಏನೂ ಅಲ್ಲ. ಅಧಿಕ ತಾಪದಲ್ಲಿ "ಕಿಣ್ವ ಸತ್ತುಹೋಗುತ್ತದೆ" ಎಂದು ಬರೆದರೆ ಅಂಕ ಕೊಡಬೇಕೇ ಎಂದು ನಾವು ಅರ್ಧ ಗಂಟೆ ವಾದಿಸಿದ್ದುಂಟು. ಕಿಣ್ವಕ್ಕೆ ಜೀವವಿಲ್ಲ, ಅದೊಂದು ಪ್ರೋಟೀನ್ ಅಣು. ಅದು ಸಾಯುವುದಿಲ್ಲ, ಆಕಾರ ಕೆಡುತ್ತದೆ. ಆಕಾರ ಕೆಟ್ಟದ್ದರಿಂದ ಅದು ಕೆಲಸ ಮಾಡಬೇಕಾದ ವಸ್ತು ಅದರಲ್ಲಿ ಕೂರುವುದಿಲ್ಲ. "ಸತ್ತಿತು" ಎಂದ ಮಗುವಿಗೆ ಈ ಎರಡೂ ತಿಳಿದಿಲ್ಲ ಎಂದೇ ಲೆಕ್ಕ.

ನಾನು: ಚಿಕ್ಕಮ್ಮ, ಇದು ಪದಗಳ ಮೇಲಿನ ಮಡಿವಂತಿಕೆ ಅಲ್ಲವೇ? ನಾವೆಲ್ಲ ಬ್ಯಾಟರಿ ಸತ್ತಿತು ಎನ್ನುತ್ತೇವೆ.

ಚಿಕ್ಕಮ್ಮ: ಬ್ಯಾಟರಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ, ಅದಕ್ಕೆ ಹಾಗೆನ್ನಬಹುದು. ಜೀವಶಾಸ್ತ್ರದಲ್ಲಿ ಯಾವುದು ಜೀವಂತ, ಯಾವುದು ಅಲ್ಲ ಎಂಬುದೇ ಪಾಠ. "ಬ್ಯಾಕ್ಟೀರಿಯಾಗಳಿಗೆ ಪ್ರತಿಜೀವಕಗಳ ವಿರುದ್ಧ ರೋಗನಿರೋಧಕ ಶಕ್ತಿ ಬಂತು" ಎಂದು ಬರೆಯುತ್ತಾರೆ. ಪ್ರತಿಕಾಯಗಳನ್ನೂ ಬಿಳಿ ರಕ್ತಕಣಗಳನ್ನೂ ಇಟ್ಟುಕೊಂಡಿರುವುದು ನಾವು, ಬ್ಯಾಕ್ಟೀರಿಯಾ ಅಲ್ಲ. ಅಲ್ಲಿ ಆಗಿರುವುದೇ ಬೇರೆ: ಔಷಧಕ್ಕೆ ಬಗ್ಗದ ವ್ಯತ್ಯಾಸವಿದ್ದ ಕೆಲವು ಬ್ಯಾಕ್ಟೀರಿಯಾಗಳು ಉಳಿದು ಸಂತಾನ ಬೆಳೆಸಿದವು. ಒಂದು ಪದ ತಪ್ಪಿದರೆ ಇಡೀ ಕಥೆಯೇ ಬದಲಾಗುತ್ತದೆ. ಪದ ತಪ್ಪಾಗಿಯೂ ಕಥೆ ಬದಲಾಗದಿದ್ದರೆ ನಾನು ಅಂಕ ಕೊಡುತ್ತೇನೆ. ಕಾಗುಣಿತ ತಪ್ಪಿದರೂ ಓದಿದಾಗ ಪದ ಗೊತ್ತಾದರೆ ಸಾಕು. "ಗ್ಲೈಕಗಾನ್" ಎಂದು ಬರೆದವರಿಗೆ ಮಾತ್ರ ಕೊಡಲಾಗುವುದಿಲ್ಲ, ಏಕೆಂದರೆ ಗ್ಲೈಕೋಜನ್ ಎಂಬುದು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟದಂಥ ವಸ್ತು, ಗ್ಲೂಕಗಾನ್ ಎಂಬುದು ಅದನ್ನು ಒಡೆದು ಗ್ಲೂಕೋಸ್ ಮಾಡಿಸುವ ಹಾರ್ಮೋನು. ಎರಡರ ನಡುವೆ ನಿಂತ ಪದ ಯಾವುದರದ್ದೂ ಅಲ್ಲ.

ಭಾವ: ಹಾಗಾದರೆ ನಿಮ್ಮ ಅಳತೆಗೋಲಿನಿಂದಲೇ ಕೇಳುತ್ತೇನೆ. "ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆ" ಎಂದು ಪುಟ್ಟಿ ಬರೆದಿದ್ದಾಳೆ. ಅರೆಪಾರಕ ಎಂಬ ಪದ ಇಲ್ಲ. ಇಲ್ಲಿ ಕಥೆ ಬದಲಾಯಿತೇ?

ಚಿಕ್ಕಮ್ಮ: ಇಲ್ಲ.

ಭಾವ: ಅಂಕ?

ಚಿಕ್ಕಮ್ಮ: ಕೊಡಬೇಕಿತ್ತು. ಮೊದಲು ನೋಡಿದಾಗ ನಾನೂ ಅದನ್ನು ದಾಟಿಕೊಂಡು ಹೋದೆ ಎಂದು ಒಪ್ಪಿಕೊಳ್ಳುತ್ತೇನೆ. ಅರೆಪಾರಕ ಎಂಬ ಪದವನ್ನು ಬಾಯಿಪಾಠ ಮಾಡಿ ಬರೆಯುವ ಅನೇಕರಿಗೆ ಅದರ ಅರ್ಥ ಕೇಳಿದರೆ ಗೊತ್ತಿರುವುದಿಲ್ಲ. ಇವಳು ಪದವಿಲ್ಲದೆ ಅರ್ಥವನ್ನೇ ಬರೆದಿದ್ದಾಳೆ. ಚೆನ್ನಾಗಿ ಮಾಡಿದ ಪಟ್ಟಿಯಲ್ಲಿ "ಅಥವಾ ಅದೇ ಅರ್ಥದ ಮಾತು" ಎಂಬ ಟಿಪ್ಪಣಿ ಇರುತ್ತದೆ. ಆ ಟಿಪ್ಪಣಿ ಇಲ್ಲದಿದ್ದರೆ ಅಥವಾ ತಿದ್ದುವವರು ದಣಿದಿದ್ದರೆ ಕಣ್ಣು ಪದವನ್ನಷ್ಟೇ ಹುಡುಕುತ್ತದೆ. ಇಷ್ಟರ ಮಟ್ಟಿಗೆ ನಿಮ್ಮ ಮೊದಲ ಮಾತು ಸರಿ. ಇದು ಎರಡು ಅಂಕದ ಉತ್ತರ.

ಅಕ್ಕ: ಎರಡೇ?

ಚಿಕ್ಕಮ್ಮ: ಎರಡೇ. ನಾಲ್ಕನೆಯ ವಿಚಾರ, ಅಂದರೆ ಜೀವಕೋಶದೊಳಗಿನ ಒತ್ತಡದ ಮಾತು, ಎಲ್ಲಿಯೂ ಇಲ್ಲ. ನೀರು ಒಳಗೆ ಬಂದರೆ ತುಂಡು ಏಕೆ ಗಟ್ಟಿಯಾಗಬೇಕು ಎಂದು ಅವಳು ಹೇಳಿಲ್ಲ.

ನಾನು: ಅಕ್ಕ, ಫೋಟೊದ ಕೆಳಗಿನ ಅಂಚಿನಲ್ಲಿ ಹೊಡೆದುಹಾಕಿದ ಸಾಲೊಂದರ ಮೇಲ್ಭಾಗ ಕಾಣುತ್ತಿದೆ. ಪೂರ್ತಿ ಪುಟ ಹಾಕುತ್ತೀಯಾ?

(ಅಕ್ಕ ಪೂರ್ತಿ ಪುಟ ಹಾಕಿದಳು. ಒಂದೇ ಗೆರೆಯಿಂದ ಹೊಡೆದಿದ್ದ ಆ ಸಾಲನ್ನು ಸಲೀಸಾಗಿ ಓದಬಹುದಿತ್ತು: "ನೀರು ಒಳಗೆ ಬಂದಾಗ ರಸದಾನಿ ತುಂಬಿ ಕೋಶಭಿತ್ತಿಯನ್ನು ಒಳಗಿನಿಂದ ಒತ್ತುವುದರಿಂದ ತುಂಡು ಗಟ್ಟಿಯಾಗುತ್ತದೆ." ರಸದಾನಿ ಎಂದರೆ ಜೀವಕೋಶದೊಳಗಿನ ರಸ ತುಂಬಿದ ಚೀಲ.)

ಮಾವ: ಇದು ಇಡೀ ಪುಟದ ಅತ್ಯುತ್ತಮ ವಾಕ್ಯ. ಇದನ್ನು ಹೊಡೆದುಹಾಕಿ, ಪ್ರಶ್ನೆಯನ್ನೇ ನಕಲು ಮಾಡಿದ ಎರಡು ವಾಕ್ಯಗಳನ್ನು ಉಳಿಸಿಕೊಂಡಿದ್ದಾಳೆ. ಪುಟ್ಟೀ, ಏಕಮ್ಮಾ?

ಪುಟ್ಟಿ: ತಾತಾ, ಖಚಿತವಿಲ್ಲದ್ದನ್ನು ಬರೆಯಬಾರದು, ಹೆಚ್ಚು ಬರೆದರೆ ತಪ್ಪು ಸರಿಯನ್ನೂ ತಿನ್ನುತ್ತದೆ ಎಂದು ತರಗತಿಯಲ್ಲಿ ಹೇಳಿದ್ದರು. ರಸದಾನಿಯೋ ಕೋಶದ್ರವವೋ ಎಂದು ಅನುಮಾನ ಬಂತು. ಅದಕ್ಕೆ ಹೊಡೆದುಹಾಕಿದೆ.

ಚಿಕ್ಕಮ್ಮ: ಆ ನಿಯಮ ಇರುವುದು ಬೇರೆ ಬಗೆಯ ಪ್ರಶ್ನೆಗೆ ಕಂದಾ. "ಎರಡು ಕಾರಣ ಹೆಸರಿಸಿ" ಎಂದಾಗ ಐದು ಕಾರಣ ಬರೆದು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ನಮ್ಮ ಮೇಲೆ ಬಿಡುವವರನ್ನು ತಡೆಯಲು ಅದನ್ನು ಮಾಡಿದ್ದಾರೆ. ಅಲ್ಲಿ ಹೆಚ್ಚಿನ ತಪ್ಪು ಉತ್ತರ ಸರಿಯಾದದ್ದನ್ನು ರದ್ದುಮಾಡುತ್ತದೆ. "ವಿವರಿಸಿ" ಎಂದಾಗ ನೀನು ಬರೆದದ್ದಕ್ಕೆ ನೀನೇ ವಿರುದ್ಧ ಹೇಳದಿದ್ದರೆ ಸಾಕು, ಇನ್ನೊಂದು ವಾಕ್ಯ ಬರೆದುದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಇದನ್ನು ನಾವು ಶಿಕ್ಷಕರೇ ಬಿಡಿಸಿ ಹೇಳುವುದಿಲ್ಲ. ನಾನೂ ನನ್ನ ತರಗತಿಯಲ್ಲಿ ಅವಸರದಲ್ಲಿ ಹಾಗೆಯೇ ಹೇಳಿರಬಹುದು.

ಅಕ್ಕ: ಹೊಡೆದುಹಾಕಿದ್ದಕ್ಕೆ ಅಂಕ ಉಂಟೇ?

ಚಿಕ್ಕಮ್ಮ: ಅದು ಪರೀಕ್ಷೆ ನಡೆಸುವವರ ನಿಯಮವನ್ನು ಅವಲಂಬಿಸಿದೆ. ಹೊಡೆದುಹಾಕಿದ್ದನ್ನು ನೋಡಲೇಬಾರದು ಎನ್ನುವವರಿದ್ದಾರೆ. ಅದರ ಬದಲಿಗೆ ಬೇರೆ ಉತ್ತರ ಬರೆಯದಿದ್ದರೆ, ಓದಲು ಬರುವಂತಿದ್ದರೆ, ಅದನ್ನೂ ತಿದ್ದಬೇಕು ಎನ್ನುವವರೂ ಇದ್ದಾರೆ. ಎರಡನೆಯ ನಿಯಮ ಇರುವಲ್ಲಿ ಇದು ಮೂರು ಅಂಕದ ಉತ್ತರ. ಮರುಎಣಿಕೆಗೆ ಹಾಕಬೇಡ, ಅಲ್ಲಿ ಅಂಕಗಳನ್ನು ಕೂಡುವುದನ್ನಷ್ಟೇ ನೋಡುತ್ತಾರೆ. ಮರುಮೌಲ್ಯಮಾಪನಕ್ಕೆ ಹಾಕು. ಕಾರಣ ಬರೆಯಲು ಜಾಗವಿದ್ದರೆ ಪೊರೆಯ ಮಾತನ್ನು ಬರೆ, ಈ ಸಾಲನ್ನೂ ತೋರಿಸು. ಸಾಂದ್ರತೆಯ ವಾಕ್ಯವನ್ನು ಸಮರ್ಥಿಸಲು ಹೋಗಬೇಡ.

ಮಾವ: ಅಂಕ ಇಳಿಯುವ ಸಾಧ್ಯತೆಯೂ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಭಾವ: ಒಂದರಿಂದ ಎಲ್ಲಿಗೆ ಇಳಿಯುತ್ತದೆ, ಮಾವನವರೇ?

ಪುಟ್ಟಿ: ಚಿಕ್ಕಜ್ಜಿ, ಸಾಂದ್ರತೆಯ ವಾಕ್ಯವನ್ನು ನಾನು ಹೇಗೆ ಬರೆಯಬೇಕಿತ್ತು?

ಚಿಕ್ಕಮ್ಮ: ಅದನ್ನು ನೀನೇ ಬರೆ. ಸಾಂದ್ರತೆ ಎಂಬ ಪದ ಬಂದಲ್ಲೆಲ್ಲ "ಯಾವುದರ" ಎಂದು ಕೇಳಿಕೊಂಡು ಬರೆ.

ಪುಟ್ಟಿ: "ಉಪ್ಪಿನ ದ್ರಾವಣದಲ್ಲಿ ಉಪ್ಪಿನ ಸಾಂದ್ರತೆ ಹೆಚ್ಚು, ನೀರಿನ ಸಾಂದ್ರತೆ ಕಡಿಮೆ. ಆದ್ದರಿಂದ ನೀರಿನ ಸಾಂದ್ರತೆ ಹೆಚ್ಚಿರುವ ಆಲೂಗಡ್ಡೆಯ ಜೀವಕೋಶಗಳಿಂದ ನೀರಿನ ಸಾಂದ್ರತೆ ಕಡಿಮೆ ಇರುವ ದ್ರಾವಣಕ್ಕೆ, ಅರೆಪಾರಕ ಪೊರೆಯ ಮೂಲಕ ನೀರು ಹೋಗುತ್ತದೆ."

ಚಿಕ್ಕಮ್ಮ: ಬಹಳ ಚೆನ್ನಾಗಿದೆ. ಈಗ ಇದರಲ್ಲಿ "ನಿವ್ವಳವಾಗಿ" ಎಂಬ ಪದ ಎಲ್ಲಿ ಬರಬೇಕು ಹೇಳು, ಏಕೆಂದರೆ ನೀರಿನ ಅಣುಗಳು ಎರಡೂ ಕಡೆಗೆ...

ಅಕ್ಕ: ಚಿಕ್ಕಮ್ಮಾ, ಸಾಕು.